ಸೊಸೆಗೆ ಕಾದ ಕುಪ್ಪಿಸೊಪ್ಪು

ಕಜ್ಜಿಗೆ ನಮ್ಮ ಅವ್ವ ಕೊಡುವ ಔಷಧಿ ಅರಸೀಕೆರೆ ಸುತ್ತ ಎಲ್ಲರಿಗೂ ಗೊತ್ತು. ಅದು ಯಾವ ಸೊಪ್ಪೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹೆಸರು ಬಾಯಿಬಿಟ್ಟರೆ ಗುಣ ಹೋಗುತ್ತದಂತೆ. ಅತ್ತೆಯಾದವಳು ಸೊಸೆಗೆ ಮಾತ್ರ ಹೇಳಬೇಕು, ಮಗಳಿಗಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ನನ್ನನ್ನು ಕೊಟ್ಟೂರಿಗೆ ಕೊಟ್ಟರು. ಅಣ್ಣನಿಗೆ ಹೆಣ್ಣೇ ಸಿಗಲಿಲ್ಲ. ಹೊಲ ಮಾಡುವವನಿಗೆ ಈಗ ಯಾರು ಹೆಣ್ಣು ಕೊಡುತ್ತಾರೆ? ಔಷಧಿಯೂ ಸೊಸೆಯ ದಾರಿ ಕಾಯುತ್ತ ಕೂತಿತ್ತು.

ಹೋದ ವರ್ಷ ಈರುಳ್ಳಿ ಕೀಳುವ ಹೊತ್ತಿಗೆ ಕಜ್ಜಿ ಅವ್ವನ ಕೈಗೇ ಬಂತು. ಬೆರಳ ಸಂದಿಯಲ್ಲೆಲ್ಲ ಹುಣ್ಣು. ತುತ್ತು ಕಲೆಸಲೇ ಆಗದು, ಇನ್ನು ಸೊಪ್ಪು ಅರೆಯುವ ಮಾತೆಲ್ಲಿ? ನಾನು ಓಡಿಬಂದು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ಕೊಟ್ಟ ಮುಲಾಮು ಹಚ್ಚಿಕೊಂಡಳು, ಮುಖ ಮಾತ್ರ ಬಾಡಿತ್ತು.

"ಊರಿಗೆಲ್ಲ ಕೊಟ್ಟೆ. ನನ್ನ ಔಷಧಿ ನನಗಿಲ್ಲದಂಗಾತು" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಮಗಳು ಎದುರಿಗೇ ಕೂತಿದ್ದೇನೆ, ಇವಳಿಗೆ ಕಾಣುತ್ತಿಲ್ಲ! ಚಿಕ್ಕವಳಿದ್ದಾಗಿನಿಂದ ಔಷಧಿ ಅರೆದ ಒರಳುಕಲ್ಲು ತೊಳೆದವಳು ನಾನು. ಬಚ್ಚಲ ನೀರು ಹರಿಯುವಲ್ಲಿ ಬೆಳೆದ ಕಳೆಯನ್ನೆಲ್ಲ ನನ್ನಿಂದ ಕೀಳಿಸುತ್ತಿದ್ದ ಅವ್ವ ಒಂದು ಗಿಡವನ್ನು ಮಾತ್ರ ಏಕೆ ಮುಟ್ಟಗೊಡುತ್ತಿರಲಿಲ್ಲ ಎಂಬುದು ತಿಳಿಯದಷ್ಟು ದಡ್ಡಿಯೇ ನಾನು? ಎದ್ದು ಹೋಗಿ ಹಿಡಿ ಎಲೆ ತಂದೆ. ಅರಿಸಿನ ಹಾಕಿ ಅರೆದು ಅವಳ ಮುಂದಿಟ್ಟೆ.

"ಯಾರು ಹೇಳಿದ್ರು ನಿನಗ?"

"ಯಾರೂ ಹೇಳಿಲ್ಲಬೇ. ಇದು ಕುಪ್ಪಿಸೊಪ್ಪು."

ಪಕ್ಕದ ಮನೆಗೂ ಕೇಳಲೆಂದು ಬೇಕಂತಲೇ ಗಟ್ಟಿಯಾಗಿ ಹೇಳಿದೆ. ಅವ್ವ ಕೈ ಹಿಂದಕ್ಕೆಳೆದುಕೊಂಡಳು. ನಾನು ಬಿಡಲಿಲ್ಲ, ಹಿಡಿದು ಹಚ್ಚಿದೆ.

ಹುಣ್ಣು ಒಣಗಿದವು. ಮುಲಾಮಿನಿಂದಲೇ ಒಣಗಿದ್ದು ಎಂದು ಅವ್ವ ಹಟ ಹಿಡಿದಳು. ಹೆಸರು ಹೇಳಿದ ಸೊಪ್ಪಿಗೆ ಗುಣ ಎಲ್ಲಿಂದ ಬರಬೇಕು! ಜೀವಮಾನವೆಲ್ಲ ಆಸ್ಪತ್ರೆಯನ್ನು ಬೈದವಳು ನನ್ನನ್ನು ಸೋಲಿಸಲು ಡಾಕ್ಟರನ್ನೇ ಹೊಗಳಿದಳು. ಇರಲಿ, ಕೈ ನೆಟ್ಟಗಾಯಿತಲ್ಲ.

ನಾನು ಊರಿಗೆ ಹೊರಡುವ ಮೊದಲು ಬಾಗಳಿಯಿಂದ ಒಬ್ಬಳು ಕಜ್ಜಿಯಾದ ಕೂಸನ್ನು ಎತ್ತಿಕೊಂಡು ಬಂದಳು. ಅವ್ವ ಕೂಸನ್ನು ನೋಡಿದಳು, ತನ್ನ ಕೈ ನೋಡಿಕೊಂಡಳು. ಆಮೇಲೆ ಒಳಗಿದ್ದ ನನ್ನನ್ನು ಕರೆದಳು.

"ಆ ನಿನ್ನ ಸೊಪ್ಪು ಅರಕೊಂಡು ಬಾ."

ನಿನ್ನ ಸೊಪ್ಪಂತೆ! ಅರೆದು ಕೊಟ್ಟೆ. ವಾಸಿಯಾಗದಿದ್ದರೆ ಆಸ್ಪತ್ರೆಗೂ ತೋರಿಸೆಂದು ಹೇಳಿ, ಹಿತ್ತಲಿಗೆ ಕರೆದುಕೊಂಡು ಹೋಗಿ ಗಿಡವನ್ನೂ ತೋರಿಸಿದೆ. ಅವ್ವ ಮುಖ ಆ ಕಡೆ ತಿರುಗಿಸಿದಳು, ಬೇಡ ಅನ್ನಲಿಲ್ಲ.

ಅಣ್ಣನಿಗೆ ಹೆಣ್ಣು ಹುಡುಕುತ್ತಲೇ ಇದ್ದಾರೆ. ಬರಲಿ. ಅವಳಿಗೆ ಔಷಧಿ ಹೇಳಿಕೊಡುವವಳು ನಾನೇ, ಕುಲಕ್ಕೆ ಹೊರಗಾದವಳು.