ನಾಗಮಲ್ಲಿಗೆ ತಂದ ಗೋಣಿಚೀಲ

ಚೌಕಾಸಿ ಮಾಡದೆ ನಾನು ಏನನ್ನೂ ಕೊಂಡವಳಲ್ಲ. ಚನ್ನರಾಯಪಟ್ಟಣದ ಸಂತೆಯಲ್ಲಿ ಅಮ್ಮನ ಪಕ್ಕ ಕುಳಿತು ಸೊಪ್ಪು ಮಾರುತ್ತಲೇ ಓದಿದವಳು. ಈಗ ಹಾಸನದ ಒಂದು ಪ್ರಯೋಗಾಲಯದಲ್ಲಿ ಅಂಟುರೋಗಗಳಿಗೆ ನಮ್ಮ ಗಿಡಗಳಲ್ಲಿ ಮದ್ದುಂಟೇ ಎಂದು ಹುಡುಕುವುದು ನನ್ನ ಕೆಲಸ. ಅಲ್ಲಿಗೂ ಸಂತೆಯ ಬುದ್ಧಿ ಬಂದಿದೆ. ಯಂತ್ರ ಕೊಳ್ಳುವ ಕಿರಿಯರಿಗೆ ಈಗಲೂ ಹೇಳುತ್ತೇನೆ: ಬೆಲೆಯನ್ನು ಎಳೆದಾಡಬೇಡಿ, ಅದನ್ನು ಅವರು ಮೊದಲೇ ಏರಿಸಿಟ್ಟಿರುತ್ತಾರೆ, ಎರಡು ವರ್ಷದ ರಿಪೇರಿಯನ್ನು ಬಿಟ್ಟಿ ಕೇಳಿ, ಸಿಗುತ್ತದೆ.

ಒಂದು ವರ್ಷ ನಾನು ಬೆನ್ನು ಹತ್ತಿದ್ದು ಹುಳುಕಡ್ಡಿಯನ್ನು. ಸೊಂಟದಲ್ಲಿ, ತೊಡೆಸಂದಿಯಲ್ಲಿ ಬಳೆಯಂತೆ ಸುತ್ತು ಕಟ್ಟಿ ತುರಿಸುವ ಈ ರೋಗ ಬರುವುದು ಒಂದು ಬಗೆಯ ಬೂಷ್ಟಿನಿಂದ. ಮನೆಯಲ್ಲಿ ಒಬ್ಬರಿಗೆ ಬಂದರೆ ಒಂದೇ ಟವಲಿನಲ್ಲಿ ಎಲ್ಲರಿಗೂ. ಅಂಗಡಿಯ ಮುಲಾಮಿಗೆ ಅದು ಈಗೀಗ ಜಗ್ಗುವುದಿಲ್ಲ. ಅರಕಲಗೂಡಿನ ಕಡೆಯ ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬರು ನಾಗಮಲ್ಲಿಗೆ ಸೊಪ್ಪಿನಿಂದ ಅದನ್ನು ವಾಸಿ ಮಾಡುತ್ತಾರೆಂದು ಕೇಳಿ, ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಹೋದೆ.

ಒಂದು ಚೀಲ ಒಣಗಿಸಿದ ಸೊಪ್ಪು ಬೇಕು, ಏನು ಕೊಡಲಿ ಎಂದೆ.

"ಔಸ್ದಿಗೆ ಬೆಲೆ ಕಟ್ಟಬಾರ್ದು ಕಣವ್ವ. ಕಟ್ಟುದ್ರೆ ಅದ್ರ ಗುಣ ಓಯ್ತದೆ. ಎಲೆ ಅಡಿಕೆ ಮಡುಗಿ ತಗಂಡೋಗು."

ಬೆಲೆಯೇ ಇಲ್ಲದ ಕಡೆ ಚೌಕಾಸಿ ಮಾಡುವುದು ಹೇಗೆ? ಕೈ ಕಟ್ಟಿಹಾಕಿದಂತಾಯಿತು. ಹದಿನೈದು ದಿನ ಬಿಟ್ಟು ಹೋದಾಗ ಸೊಪ್ಪು ನೆರಳಲ್ಲಿ ಒಣಗಿ ಗರಿಗರಿಯಾಗಿತ್ತು. ಎಲೆ ಅಡಿಕೆ ಇಟ್ಟೆ. ಆದರೂ ಏನನ್ನಾದರೂ ಗೆಲ್ಲದೆ ಹೊರಡಲು ಮನಸ್ಸು ಬರಲಿಲ್ಲ. ನನ್ನ ಬಟ್ಟೆಚೀಲವನ್ನು ಮಡಚಿ ಬ್ಯಾಗಿನೊಳಗೆ ತಳ್ಳಿ, "ಅಜ್ಜಿ, ಚೀಲವನ್ನೂ ನೀವೇ ಕೊಡಬೇಕು" ಎಂದೆ.

"ಅಯ್ಯೋ, ಒಳ್ಳೆ ಜಿಪುಣಿ ಕಣಮ್ಮಿ ನೀನು! ಇಷ್ಟೆಲ್ಲಾ ಓದಿ ಗೋಣಿಚೀಲ ಕೇಳ್ತೀಯಲ್ಲ!" ಎಂದು ನಗುತ್ತಾ ಕೊಟ್ಟಿಗೆಯಿಂದ ಒಂದು ಗೋಣಿ ತಂದು ಕೊಡವಿ ತುಂಬಿಸಿದರು. ಬಸ್ಸಿನಲ್ಲಿ ಅದನ್ನು ಕಾಲಡಿ ಇಟ್ಟುಕೊಂಡು ಗೆದ್ದ ಖುಷಿಯಲ್ಲಿ ಬಂದೆ.

ಸೊಪ್ಪಿನ ಸಾರ ತೆಗೆದೆವು. ಗಾಜಿನ ತಟ್ಟೆಯಲ್ಲಿ ರೋಗದ ಬೂಷ್ಟನ್ನು ಬಿತ್ತಿ, ನಡುವೆ ಸಾರದ ಹನಿ ಇಟ್ಟು ಕಾದೆವು. ಹನಿಯ ಸುತ್ತ ಬೂಷ್ಟು ಬೆಳೆಯದೆ ಉಳಿದ ಜಾಗ ಎಷ್ಟು ಅಗಲವೋ ಮದ್ದಿನ ಬಲ ಅಷ್ಟು. ವಾರ ಕಳೆದು ನೋಡಿದರೆ ರೊಟ್ಟಿಯ ನಡುವೆ ಲೋಟ ಒತ್ತಿ ತೆಗೆದಷ್ಟು ಅಗಲದ ಖಾಲಿ ಜಾಗ! ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ. ನಮ್ಮ ವಿಭಾಗದ ಹಿರಿಯರು ತಟ್ಟೆಯನ್ನು ಕಿಟಕಿಗೆ ಹಿಡಿದು ನೋಡಿ, "ಬರಿಯಮ್ಮ, ಬೇಗ ಬರಿ" ಎಂದರು. ಹತ್ತು ವರ್ಷದಲ್ಲಿ ನನ್ನದೇ ಎಂದು ಹೇಳಿಕೊಳ್ಳುವ ಮೊದಲ ಶೋಧನೆ ಅದು. ಪ್ರಬಂಧ ಬರೆದು ಮುಗಿಸಿದೆ.

ಕಳಿಸುವ ಮುಂಚೆ ಹೊಸ ಸೊಪ್ಪಿನಲ್ಲಿ ಇನ್ನೊಮ್ಮೆ ಮಾಡಿಬಿಡೋಣ ಎನಿಸಿತು. ಒಂದೇ ಮೂಟೆ ನೋಡಿ ಬೆಳೆಯ ಗುಣ ಹೇಳಬಾರದೆಂದು ಸಂತೆಯಲ್ಲೇ ಕಲಿತಿದ್ದೆ. ಹೇಳಿಕಳಿಸಿದ್ದಕ್ಕೆ ಅಜ್ಜಿಯ ಮಗ ಹಾಸನಕ್ಕೆ ಬಂದವನು ಹೊಸ ಬಟ್ಟೆಚೀಲದಲ್ಲಿ ಒಣಗಿಸಿದ ಸೊಪ್ಪು ತಂದುಕೊಟ್ಟ. ಅದೇ ಬಗೆಯಲ್ಲಿ ಸಾರ ತೆಗೆದು ಅಂಥದೇ ತಟ್ಟೆಯಲ್ಲಿಟ್ಟೆ. ಬೂಷ್ಟು ಹನಿಯ ಮೇಲೇ ಹಾಸಿಗೆ ಹಾಸಿಕೊಂಡಂತೆ ಬೆಳೆದಿತ್ತು.

"ಎರಡನೆಯದು ಬಲಿತ ಎಲೆ ಇರಬೇಕು. ಮೊದಲನೆಯದರ ಲೆಕ್ಕ ಸರಿ ಇದೆಯಲ್ಲ, ಕಳಿಸು" ಎಂದರು ಹಿರಿಯರು.

ನನಗೆ ಬೇರೆಯೇ ಅನುಮಾನ. ವ್ಯಾಪಾರದ ಮನೆಯವಳಲ್ಲವೇ, ಮೋಸ ಎಂಬುದೇ ಮೊದಲು ಹೊಳೆಯುವುದು. ಮೊದಲು ಒಳ್ಳೆಯದು, ಆಮೇಲೆ ಕಳಪೆ. ಸಂತೆಯ ಹಳೆಯ ಆಟ. ಮಾರನೆಯ ದಿನವೇ ಬಸ್ಸು ಹತ್ತಿದೆ.

"ಅಜ್ಜಿ, ಈ ಸಲ ಕೊಟ್ಟಿದ್ದು ನಾಗಮಲ್ಲಿಗೆ ತಾನೇ?"

ಅಜ್ಜಿಯ ಮುಖ ಕೆಂಪಾಯಿತು. "ಏನಂಗಂದ್ರೆ? ಎಲೆ ಅಡಿಕೆ ಮಡುಗುಸ್ಕಂಡು ಬ್ಯಾರೆ ಸೊಪ್ ಕೊಟ್ಟೇನಾ ನಾನು? ಬಾ ಇಲ್ಲಿ, ಕಣ್ ಬುಟ್ಟು ನೋಡು" ಎಂದು ಕೈ ಹಿಡಿದು ಹಿತ್ತಿಲಿಗೆ ಎಳೆದೊಯ್ದರು. ಬೇಲಿಯುದ್ದಕ್ಕೂ ನಾಗಮಲ್ಲಿಗೆ, ಕೊಕ್ಕರೆ ಹಾರಿದಂಥ ಬಿಳಿ ಹೂ. ಬೇರೆ ಗಿಡವಿಲ್ಲ. ನಾಚಿಕೆಯಾಯಿತು.

ತಿರುಗಿ ಬರುವಾಗ ಕೊಟ್ಟಿಗೆಯ ಮುಂದೆ ಮಗ ಬಿತ್ತನೆಯ ಆಲೂಗೆಡ್ಡೆ ಹೋಳು ಮಾಡಿ ಗೋಣಿಯ ಮೇಲೆ ಹರವಿ, ಕೊಳೆರೋಗ ಹಿಡಿಯದಿರಲೆಂದು ಹಳದಿ ಪುಡಿ ಹಾಕಿ ಹೊರಳಿಸುತ್ತಿದ್ದ. ಅವನ ಮೊಣಕೈವರೆಗೂ ಹಳದಿ. ನಾನು ನಿಂತುಬಿಟ್ಟೆ. ಆ ಪುಡಿ ಇರುವುದೇ ಬೂಷ್ಟನ್ನು ಕೊಲ್ಲುವುದಕ್ಕೆ.

"ಈ ಗೋಣಿಗಳನ್ನ ಆಮೇಲೆ ಏನ್ ಮಾಡ್ತೀರಪ್ಪ?"

"ಕೊಡವಿ ಮಡುಗ್ತೀವಿ ಮೇಡಮ್ಮೋರೆ. ನಿಮ್ಗೂ ಒಂದ್ ಕೊಟ್ಟಿದ್ರಲ್ಲ ನಮ್ಮವ್ವ."

ಹಾಸನಕ್ಕೆ ಬಂದವಳೇ ಮೂಲೆಯಲ್ಲಿದ್ದ ಆ ಗೋಣಿಯಿಂದ ಒಂದು ಹಿಡಿ ನಾರು ಕಿತ್ತು, ಸೊಪ್ಪಿನ ಸಾರ ತೆಗೆದ ಹಾಗೆಯೇ ಅದರ ಸಾರ ತೆಗೆದೆ. ವಾರದ ನಂತರ ತಟ್ಟೆಯಲ್ಲಿ ಲೋಟದಗಲದ ಅದೇ ಖಾಲಿ ಜಾಗ. ನನ್ನ ಶೋಧನೆಯ ಬಲವೆಲ್ಲ ನಾನು ಚೌಕಾಸಿ ಮಾಡಿ ಗಿಟ್ಟಿಸಿದ ಬಿಟ್ಟಿ ಚೀಲದ್ದು.

ಹಿರಿಯರಿಗೆ ತಟ್ಟೆ ತೋರಿಸಿದೆ. ಅವರು ಅದನ್ನೂ ಕಿಟಕಿಗೆ ಹಿಡಿದು ನೋಡಿದರು. ನಾನೇ ಪ್ರಬಂಧವನ್ನು ಹರಿದು ಬುಟ್ಟಿಗೆ ಹಾಕಿದೆ. ಈ ಕೆಲಸಕ್ಕೆ ಬರುವವರಿಗೆ ಒಂದು ಮಾತು: ಗೆದ್ದ ಪ್ರಯೋಗವನ್ನೇ ಹೆಚ್ಚು ಅನುಮಾನಿಸಿ; ಸೋತದ್ದನ್ನು ಹೇಗೂ ಅನುಮಾನಿಸುತ್ತೀರಿ.

ಅಜ್ಜಿಗೆ ಹೇಳದೆ ಇರಲಾಗಲಿಲ್ಲ. ಮತ್ತೆ ಹೋದೆ. ಎಲ್ಲ ಕೇಳಿ ಅಜ್ಜಿ ಮೊದಲು ಬಿದ್ದು ಬಿದ್ದು ನಕ್ಕರು. "ಅಂಗಾದ್ರೆ ಉಳುಕಡ್ಡಿ ಬಂದೋರ್ಗೆಲ್ಲಾ ಗೋಣಿ ಸುತ್ತಿ ಕೂರ್ಸು!" ಆಮೇಲೆ ನಗು ನಿಂತಿತು. "ಅಂಗಾರೆ ನನ್ ಸೊಪ್ಪು ಸುಳ್ಳಾ?"

"ಒಣಗಿದ ಸೊಪ್ಪಿನಲ್ಲಿ ಏನೂ ಕಾಣಲಿಲ್ಲ ಅಜ್ಜಿ."

"ಒಣಗ್ಸಿ ಅಂದೋಳು ನೀನು. ನಾನ್ ಯಾವತ್ತಮ್ಮಿ ಒಣಗ್ಸಿ ಅಚ್ಚಿದ್ದೀನಿ? ಅಸಿ ಸೊಪ್ಪು, ಬೇರು, ನಿಂಬೆಉಳಿ ಆಕಿ ಅರುದ್ರೆ ತಾನೆ ಔಸ್ದಿ!"

ಹೌದು. ಮೂಟೆ ಹಗುರವಾಗಲಿ ಎಂದು ಒಣಗಿಸಲು ಹೇಳಿದವಳು ನಾನು. ಚೀಲ ಕೇಳಿದೆ, ಮದ್ದು ಅರೆಯುವ ಬಗೆ ಕೇಳಲಿಲ್ಲ. ಮೂರು ಸಲ ಆ ಮನೆಗೆ ಹೋಗಿ, ಎದುರಿಗೆ ಕುಳಿತು, ಕೇಳಬೇಕಾದ ಒಂದೇ ಪ್ರಶ್ನೆಯನ್ನು ಕೇಳಿರಲಿಲ್ಲ.

ಆವತ್ತು ಅಜ್ಜಿ ನಿಂಬೆಹುಳಿ ಹಿಂಡಿ ಅರೆಯುವುದನ್ನೆಲ್ಲ ನೋಡುತ್ತಾ ಕುಳಿತೆ: ಬೇರಿಗೆ ಎಷ್ಟು ಸೊಪ್ಪು, ಹುಳಿ ಯಾವಾಗ, ಎಷ್ಟು ಹೊತ್ತು ಅರೆಯಬೇಕು. ಕೇಳಿ ಕೇಳಿ ತಲೆ ತಿಂದೆ. "ಇನ್ನೇನ್ ಉಳಿತು, ನನ್ ಲಗ್ನದ ವಿಸ್ಯ ಒಂದ್ ಕೇಳು" ಎಂದರು. ಅರೆದದ್ದನ್ನು ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿಟ್ಟು ತಂದೆ. ಈ ಸಲ ಒಂದು ತಟ್ಟೆಗೆ ಅಜ್ಜಿಯ ಮದ್ದು, ಇನ್ನೊಂದಕ್ಕೆ ಬರೀ ನಿಂಬೆರಸ.

ಹತ್ತನೆಯ ದಿನ ಬೆಳಿಗ್ಗೆ ಹಿರಿಯರೂ ಪಕ್ಕದಲ್ಲಿ ಬಂದು ನಿಂತರು. ಮದ್ದಿನ ತಟ್ಟೆ ತೆಗೆದೆ. ಹನಿಯ ಸುತ್ತ ಖಾಲಿ ಜಾಗವಿತ್ತು, ಆದರೆ ಸಣ್ಣದು, ಲೋಟದಗಲವಲ್ಲ, ಉಂಗುರದಗಲ. "ನಿಂಬೆಯದೇ ಇರಬಹುದು" ಎಂದರು ಅವರು. ನನಗೂ ಅದೇ ಹೆದರಿಕೆ. ಎರಡನೆಯ ತಟ್ಟೆಯ ಮುಚ್ಚಳ ಎತ್ತಿದೆ. ನಿಂಬೆರಸದ ಮೇಲೆ ಬೂಷ್ಟು ಅಂಚಿನಿಂದ ಅಂಚಿಗೆ ದಟ್ಟವಾಗಿ ಬೆಳೆದಿತ್ತು.