ಬಟವಾಡೆಗೆ ತೊಳೆದ ಕೈ

ಎಷ್ಟು ನೆನೆದರೂ ಆಕೆಯ ಮುಖ ಪೂರ್ತಿ ಕೂಡಿಬರುವುದಿಲ್ಲ. ಕೆನ್ನೆ ಬಾತಿತ್ತು, ಎಡಗೆನ್ನೆಯೋ ಬಲಗೆನ್ನೆಯೋ, ಹೇಳಲಾರೆ. ಕೊಪ್ಪಳದಲ್ಲಿ ನಮ್ಮ ಮನೆಯೆದುರು ಕಟ್ಟಡವೊಂದು ಏಳುತ್ತಿದ್ದಾಗ ಗಂಡನ ಜೊತೆ ಇಟ್ಟಿಗೆ ಹೊರಲು ಬರುತ್ತಿದ್ದಳು. ಶನಿವಾರ ಸಂಜೆ ಬಟವಾಡೆಯ ಹೊತ್ತಿಗೆ ಡ್ರಮ್ಮಿನ ನೀರಿನಲ್ಲಿ ಬಲಗೈಯೊಂದನ್ನೇ ತೊಳೆದು, ಸೆರಗಿಗೆ ಒರೆಸಿಕೊಂಡು, ಮೇಸ್ತ್ರಿಯ ಮುಂದೆ ಚಾಚುತ್ತಿದ್ದಳು.

“ನನ್ನ ಪಗಾರ ನನ್ನ ಕೈಯಾಗ ಕೊಡ್ರಿ ಯಣ್ಣಾ. ಹಲ್ಲು ಕೀಳಿಸಬೇಕು.”

“ಗಂಡಗ ಕೊಟ್ರ ನಿನಗ ಕೊಟ್ಟಂಗಲ್ಲೇನವ್ವಾ?”

“ಅಂವನ ಹಲ್ಲು ಕಿತ್ತರ ನನ್ನ ನೋವು ಹೋಗತೈತೇನ್ರಿ?”

ಎಲ್ಲರೂ ನಗುತ್ತಿದ್ದರು. ಇಬ್ಬರ ಕೂಲಿಯೂ ಗಂಡನ ಜೇಬು ಸೇರುತ್ತಿತ್ತು. ಆಕೆಯೂ ನಗುತ್ತಿದ್ದಳೆಂದು ನನ್ನ ನೆನಪು ಹೇಳುತ್ತದೆ. ನಾನು ಅದನ್ನು ನಂಬುವುದಿಲ್ಲ. ಅಷ್ಟು ಬಾತ ಬಾಯಿ ನಗಲು ತೆರೆದೀತೆ?

ಗಂಡ ಜ್ವರದಲ್ಲಿ ತೀರಿಕೊಂಡ. ಕೆಲವು ದಿನಗಳ ಮೇಲೆ ಆಕೆ ಮತ್ತೆ ಕೆಲಸಕ್ಕೆ ಬಂದಳು. ಬಾವು ಕಣ್ಣಿನ ತನಕ ಏರಿತ್ತು. ಆ ಶನಿವಾರ ಮೇಸ್ತ್ರಿ ನೋಟುಗಳನ್ನು ಎಣಿಸಿ, ಚಾಚಿದ ಕೈಯ ಮೇಲಿಂದ ದಾಟಿಸಿ, ಪಕ್ಕದಲ್ಲಿ ಬಂದು ನಿಂತಿದ್ದ ಅವಳ ಮೈದುನನಿಗೆ ಕೊಟ್ಟ.

“ಮನಿ ಗಂಡಸಿನ ಕೈಯಾಗ ಇರಲೆವ್ವಾ.”

ಆಕೆ ತಿರುಗಿ ಹೊರಟಳು. ಮೇಸ್ತ್ರಿ ಪಗಾರದ ಪುಸ್ತಕ ಎತ್ತಿ ಹಿಡಿದು ಕೂಗಿದ:

“ಏ, ನಿಂದ್ರವ್ವಾ! ಹೆಬ್ಬಟ್ಟು ನಿಂದ ಬೇಕು. ದುಡದವರ ಕೈಗೇ ಪಗಾರ ಮುಟ್ಟೈತಿ ಅಂತ ಕಾಯ್ದೆಕ್ಕ ತೋರಸಬೇಕಲ್ಲ?”

ಆಕೆ ಹಿಂದಕ್ಕೆ ಬಂದು ಒತ್ತಿದಳು. ಮೈದುನ ಆಗಲೇ ಬೈಕ್ ಚಾಲೂ ಮಾಡಿದ್ದ.