ಸಾವಿತ್ರಿಯವರ ಬೇಕರಿಯಲ್ಲಿ ಇಪ್ಪತ್ತು ನಿಮಿಷ

ಶನಿವಾರ ಬೆಳಿಗ್ಗೆ ಆರಕ್ಕೆ ನಮ್ಮೂರು ಯೂಲೆಸ್ ಬಿಟ್ಟೆವು. ಕಾರಿನಲ್ಲಿ ನಾನು, ನಮ್ಮತ್ತೆ ಇಬ್ಬರೇ. ಪೇರ್‌ಲ್ಯಾಂಡಿನ ಮೀನಾಕ್ಷಿ ಗುಡಿಗೆ ಸುಮಾರು ಇನ್ನೂರ ಅರವತ್ತು ಮೈಲಿ. ದಾರಿಯಲ್ಲಿ ಹ್ಯೂಸ್ಟನ್‌ನ ಒಂದು ಗಯಾನಾ ಬೇಕರಿಯಿಂದ ಜಡೆಯಂತೆ ಹೆಣೆದ ಬ್ರೆಡ್ ತರಬೇಕಿತ್ತು; ನನ್ನ ಜೊತೆ ಕೆಲಸ ಮಾಡುವ ಗಯಾನಾದ ಗೆಳತಿ ಬಾಯಿಬಿಟ್ಟು ಕೇಳಿದ್ದಳು.

ಅತ್ತೆಗೆ ಸಕ್ಕರೆ ಕಾಯಿಲೆ. ಹೊರಡುವ ಮುಂಚೆ ಇನ್ಸುಲಿನ್ ತೆಗೆದುಕೊಂಡಿದ್ದರು. "ನಾಷ್ಟಾ ಆತೇನ್ರಿ?" ಎಂದು ಕೇಳಿದ್ದಕ್ಕೆ "ಆತವ್ವಾ, ನಡಿ" ಎಂದಿದ್ದರು.

ಹ್ಯೂಸ್ಟನ್ ಹತ್ತಿರ ಯಾವುದೋ ಅಪಘಾತವಾಗಿ ಹೆದ್ದಾರಿ ಒಂದು ಗಂಟೆ ನಿಂತಿತು. ಹೊರಗೆ ನೂರೆರಡು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಅತ್ತೆಯ ಮಾತು ಕಡಿಮೆಯಾಗುತ್ತ ಬಂತು. ಎಸಿ ಹಾಕಿದ್ದರೂ ಅವರ ಕುತ್ತಿಗೆ ಬೆವರುತ್ತಿತ್ತು.

ಬೇಕರಿಯ ಅರ್ಧ ಭಾಗ ದಿನಸಿ ಅಂಗಡಿ. ಗಾಜಿನ ಹಿಂದೆ ಅನಾನಸ್ ಹೂರಣದ ಮುಮ್ಮೂಲೆ ಟಾರ್ಟ್‌ಗಳು. ಪಕ್ಕದಲ್ಲಿ ಬೇಳೆ ತುಂಬಿದ ರೊಟ್ಟಿ, ನೋಡಲು ನಮ್ಮ ಹೋಳಿಗೆಯಂತೆಯೇ, ಆದರೆ ಖಾರದ್ದು. ನಾನು ಅದನ್ನು ನೋಡುತ್ತಿದ್ದಂತೆ ಅತ್ತೆ ಅಕ್ಕಿ ಚೀಲದ ಮೇಲೆ ಕುಸಿದು ಕೂತರು. ಬೆರಳು ಚುಚ್ಚಿ ನೋಡಿದೆ. ಮೀಟರಿನಲ್ಲಿ ಐವತ್ತೊಂದು; ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿತ್ತು.

"ಖರೇ ಹೇಳ್ರಿ, ನಾಷ್ಟಾ ಮಾಡೀರಿಲ್ಲೋ?"

"ಇಲ್ಲ. ದರ್ಶನ ಆಗೂತನಾ ಏನೂ ತಿನ್ನೂದಿಲ್ಲಂತ ಬೇಡ್ಕೊಂಡೇನಿ."

ಜ್ಯೂಸ್ ಬಾಟಲಿ ತುಟಿಗೆ ಹಿಡಿದೆ. ಹಲ್ಲು ಕಚ್ಚಿ ಮುಖ ತಿರುಗಿಸಿದರು. ಬಾಯಿಗೆ ಸಕ್ಕರೆ ಹಾಕಿದರೆ ಉಗುಳಿದರು. ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಆಂಬುಲೆನ್ಸಿಗೆ ಫೋನ್ ಮಾಡಿದೆ.

ಅಂಗಡಿಯ ಒಡತಿ ಸಾವಿತ್ರಿ ಕೌಂಟರ್ ಬಿಟ್ಟು ಓಡಿ ಬಂದರು. ಅರವತ್ತರ ಆಸುಪಾಸಿನವರು. ಅವರ ಹಿರಿಯರು ಕಬ್ಬಿನ ತೋಟದ ಕೂಲಿಗೆಂದು ಭಾರತದಿಂದ ಗಯಾನಾಕ್ಕೆ ಹಡಗು ಹತ್ತಿದವರೆಂದು ಆಮೇಲೆ ತಿಳಿಯಿತು. "ಯಾಕೆ ಬೇಡ ಅಂತಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹರಕೆಯ ವಿಷಯ ಹೇಳಿದೆ. ಕೂಡಲೇ ಒಳಗೆ ಹೋಗಿ ಒಂದು ಡಬ್ಬಿ ತಂದರು. ತುಪ್ಪದಲ್ಲಿ ಹುರಿದ ಹಿಟ್ಟು, ಹಾಲು, ಸಕ್ಕರೆ, ಒಣದ್ರಾಕ್ಷಿ. ಥೇಟು ಸತ್ಯನಾರಾಯಣ ಪೂಜೆಯ ಸಪಾದ.

"ಪರ್ಸಾದ್," ಎಂದರು, ಅತ್ತೆಯ ಮುಂದೆ ಮೊಣಕಾಲೂರಿ. "ಬೆಳಿಗ್ಗೆ ಮನೆಯಲ್ಲಿ ಪೂಜೆ ಇತ್ತು."

ಆ ಒಂದು ಶಬ್ದ ಅತ್ತೆಗೆ ತಿಳಿಯಿತು. ಸಾವಿತ್ರಿಯವರ ಮುಖವನ್ನೇ ನೋಡಿದರು. ಆಮೇಲೆ ಬಲಗೈ ಚಾಚಿ, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಪ್ರಸಾದ ಇಳಿದ ಮೇಲೆ ಹಟವೂ ಇಳಿಯಿತು, ಜ್ಯೂಸ್ ಕುಡಿದರು. ಆಂಬುಲೆನ್ಸಿನವರು ಬಂದು ನೋಡಿದಾಗ ಸಕ್ಕರೆ ಎಂಬತ್ತು ದಾಟಿತ್ತು.

ಸಾವಿತ್ರಿ ಬಿಸಿ ರೊಟ್ಟಿ, ಆಲೂಗಡ್ಡೆ ಪಲ್ಯ ಬಡಿಸಿದರು. ಹೊರಡುವಾಗ ಅತ್ತೆ ನನ್ನ ತೋಳು ಹಿಡಿದು, "ನಿನಗ ಸುಳ್ಳ ಹೇಳಬಾರದಿತ್ತು" ಎಂದರು. ನಾನು ತೋಳು ಬಿಡಿಸಿಕೊಳ್ಳಲಿಲ್ಲ.

ಸಂಜೆ ಪೇರ್‌ಲ್ಯಾಂಡಿನಲ್ಲಿ ದರ್ಶನವಾಯಿತು. ಅತ್ತೆ ಅರ್ಚನೆಗೆ ಮನೆಯವರ ಹೆಸರೆಲ್ಲ ಹೇಳಿ, ಕೊನೆಗೆ "ಸಾವಿತ್ರಿ" ಎಂದರು.

"ಗೋತ್ರ?" ಅರ್ಚಕರು ಕೇಳಿದರು.

"ಅದ ಗೊತ್ತಿಲ್ರಿ. ಆಕಿಗೂ ಗೊತ್ತಿರಲಿಕ್ಕಿಲ್ಲ. ಹೆಸರೊಂದ ತಗೋರಿ."